ಸಿರಿಂಜಿನ ಮೂತಿ ಮೇಲೆ ಮಾಡಿದ ಮೇಲೆ

29 ವಾರಕ್ಕೇ ಹುಟ್ಟಿದ ಮಗು, ಒಂದು ಕೆಜಿಗೆ ಸ್ವಲ್ಪ ಮೇಲೆ. ಮೂರು ವಾರ ಟಿಪಿಎನ್ ಮೇಲಿತ್ತು, ಅಂದರೆ ಪೋಷಣೆಯೆಲ್ಲ ರಕ್ತನಾಳದ ಮೂಲಕವೇ. ಪಿತ್ತ ಹರಿಯದೆ ಕಟ್ಟಿಕೊಂಡರೆ ರಕ್ತದಲ್ಲಿ ಏರುವ ಡೈರೆಕ್ಟ್ ಬಿಲಿರುಬಿನ್ 4 ದಾಟಿತ್ತು, ಮಲದ ಬಣ್ಣ ಬಿಳಚಿಕೊಂಡಿತ್ತು. "ಅರ್ಸೋ ಹಾಕಿ ಕಾಯಿರಿ, ಹಾಲು ಏರಿಸಿದ್ರೆ ಎನ್‌ಇಸಿ ಆಗುತ್ತೆ" ಅಂದರು ಹಿರಿಯ ಡಾಕ್ಟರು. ಅರ್ಸೋ ಅಂದರೆ ಪಿತ್ತ ಹರಿಯಲಿ ಅಂತ ಕೊಡುವ ಔಷಧಿ, ಎನ್‌ಇಸಿ ಅಂದರೆ ಕರುಳು ಉರಿದು ಕೊಳೆಯುವ ಕಾಯಿಲೆ.

ಅರ್ಸೋ ಹಣೆಬರಹ ನಾನು ಆಗಲೇ ನೋಡಿದ್ದೆ. ಹಿಂದೆ ಎರಡು ಮಕ್ಕಳಿಗೆ ಅದನ್ನೇ ನಂಬಿ ಕೆಜಿಗೆ ದಿನಕ್ಕೆ 20 ಮಿಲಿಗ್ರಾಂನಂತೆ ಕೊಟ್ಟಿದ್ದೆ. ಒಂದಕ್ಕೆ ಬಿಲಿರುಬಿನ್ 3ರಿಂದ 6ಕ್ಕೆ ಹೋಯಿತು. ಇನ್ನೊಂದಕ್ಕೆ 150 ಮಿಲಿಗ್ರಾಂನ ಮಾತ್ರೆ ಪುಡಿ ಮಾಡಿ ಕಲಸಿದ್ದು ಹಾಲು ಹೋಗುವ ಟ್ಯೂಬಿನಲ್ಲೇ ಕೂತು, ರಾತ್ರಿ ಎರಡು ಗಂಟೆಗೆ ಟ್ಯೂಬ್ ಬದಲಿಸಬೇಕಾಯಿತು. ರಕ್ತದಲ್ಲಿ ಪಿತ್ತದ ಆಮ್ಲ ಎಷ್ಟಿದೆ ಅನ್ನುವ ಸೀರಂ ಬೈಲ್ ಆಸಿಡ್ ಪರೀಕ್ಷೆ ಕೂಡ ಹೊರಗೆ ಕಳಿಸಿ ಮಾಡಿಸಿದೆ, ಒಂದಕ್ಕೆ ಸಾವಿರದೈನೂರರ ಹತ್ತಿರ. ಜಾಸ್ತಿ ಇದೆ ಅಂತ ವರದಿ ಬಂತು. ಇಷ್ಟು ಬೇಗ ಹುಟ್ಟಿದ ಮಗುವಿಗೆ ಅದು ಜಾಸ್ತಿ ಇರೋದೇ ಅಲ್ವಾ? ದುಡ್ಡು ದಂಡ.

ಈ ಸಲ ಮೊದಲು ಪಿತ್ತನಾಳವೇ ಮುಚ್ಚಿಹೋಗುವ ಅಟ್ರೇಸಿಯಾದ ಅನುಮಾನ ತೆಗೆದುಹಾಕಿದೆ. ಟಿಪಿಎನ್‌ನಲ್ಲಿ ಕೊಡುವ ಸೋಯಾ ಎಣ್ಣೆಯ ಕೊಬ್ಬು, ಅಂದರೆ ಸೋಯಾ ಲಿಪಿಡ್, ಕೆಜಿಗೆ ದಿನಕ್ಕೆ 1 ಗ್ರಾಂಗೆ ಇಳಿಸಿದೆ (ಮೀನೆಣ್ಣೆಯ ಲಿಪಿಡ್ ಬೆಲೆ ಕೇಳಿ ಫೋನ್ ಇಟ್ಟುಬಿಟ್ಟೆ). ತಾಯಿಯ ಹಸಿ ಹಾಲನ್ನೇ ಶುರು ಮಾಡಿದೆ. 62.5 ಡಿಗ್ರಿಗೆ ಕಾಯಿಸಿದ ಹಾಲಿನ ಬ್ಯಾಂಕಿನ ಹಾಲಿನಲ್ಲಿ ಕೊಬ್ಬು ಅರಗಿಸುವ ಕಿಣ್ವ ಲಿಪೇಸ್ ಸತ್ತಿರುತ್ತದೆ, ಎಳೆಯ ಕರುಳಿಗೆ ಆ ಕಿಣ್ವವೇ ದೊಡ್ಡ ಆಸರೆ.

ಆದರೂ ಎಂಟು ದಿನ ತೂಕ ಏರಲಿಲ್ಲ. ತಲೆ ಕೆಟ್ಟು, ಸುಮ್ನೆ ನೋಡೋಣ ಅಂತ, ರಕ್ತ ಪರೀಕ್ಷೆಗೆ ಬಳಸುವ ಹೆಮಟೋಕ್ರಿಟ್ ಸೆಂಟ್ರಿಫ್ಯೂಜ್‌ನಲ್ಲಿ ಹಾಲು ತಿರುಗಿಸಿದೆ. ಬಾಟಲಿಯ ಹಾಲಿನಲ್ಲಿ ಕೆನೆ ಶೇ. 7ರಷ್ಟಿತ್ತು, ಟ್ಯೂಬಿನ ತುದಿಯಲ್ಲಿ ಹಿಡಿದದ್ದರಲ್ಲಿ 4. ಸಿರಿಂಜಿನಿಂದ ಹಾಲು ತಳ್ಳುವ ಪಂಪ್ ಮಲಗಿಸಿಟ್ಟಿದ್ದೆವಲ್ಲ, ಕೊಬ್ಬು ಮೇಲೆ ತೇಲಿ ಸಿರಿಂಜಿಗೇ ಅಂಟಿತ್ತು! ಮೂತಿ ಮೇಲೆ ಬರುವಂತೆ ಓರೆ ನಿಲ್ಲಿಸಿ ಎಕ್ಸ್‌ಟೆನ್ಷನ್ ಕೊಳವೆ ಚಿಕ್ಕದು ಮಾಡಿದೆ, 6ರ ಮೇಲೆ ಬಂತು. ಖರ್ಚು ಒಂದು ಮರದ ತುಂಡು. ಕೊಬ್ಬು ಜಾಸ್ತಿ ಇರುವ, ಹಿಂಡಿದ ಕೊನೆಯ ಹಾಲನ್ನಷ್ಟೇ ಕೊಡುವ ಪ್ರಯೋಗವೂ ಮಾಡಿದೆ, ತಾಯಿ ಸುಸ್ತಾದರು, ಬಿಟ್ಟೆ.

ಎರಡು ವಾರಕ್ಕೆ ಪೂರ್ತಿ ಹಾಲು, ಲಿಪಿಡ್ ಬಂದ್. ವಿಟಮಿನ್ ಎ, ಡಿ, ಇ, ಕೆ ಬಿಡಲಿಲ್ಲ. ಒಂದು ಬೆಳಿಗ್ಗೆ ಸಿಸ್ಟರ್ ಡಯಾಪರ್ ಹಿಡಿದೇ ಬಂದರು, "ಸಾರ್, ಬಣ್ಣ ಬಂತು." ಆರು ವಾರಕ್ಕೆ ಬಿಲಿರುಬಿನ್ 1ರ ಕೆಳಗೆ. ಅರ್ಸೋ ಒಂದು ಹನಿಯೂ ಇಲ್ಲ. ಹಿರಿಯರು ಈಗ ಮರದ ತುಂಡು ಕೇಳಿ ಇಸ್ಕೊಂಡು ಹೋಗುತ್ತಾರೆ.

ಆಮೇಲೆ ನಾಲ್ಕು ಮಕ್ಕಳಿಗೆ ಹೀಗೇ ಮಾಡಿದೆ, ಮೂರು ಗೆದ್ದವು. ನಾಲ್ಕನೆಯದಕ್ಕೆ ಆಪರೇಷನ್‌ನಲ್ಲಿ ಸಣ್ಣ ಕರುಳಿನ ತುದಿಯ ಭಾಗ ಇಲಿಯಂನ ಕೊನೆಯ ತುಂಡೇ ಹೋಗಿತ್ತು. ಬೈಲ್ ಆಸಿಡ್ ವಾಪಸ್ ಎಳೆಯುವ ಜಾಗವೇ ಇಲ್ಲ, ಅಲ್ಲಿ ನನ್ನ ಆಟ ನಡೆಯಲಿಲ್ಲ.