ಕರಡು ತಿದ್ದುವ ಮೇಜಿಗೆ ಯಾವ ಟೈಮರ್?

ಪುಸ್ತಕಗಳ ಕರಡು ತಿದ್ದುವುದು ನನ್ನ ವೃತ್ತಿ. ಜೊತೆಗೆ ಅಷ್ಟಿಷ್ಟು ಅನುವಾದವನ್ನೂ ಮಾಡುತ್ತೇನೆ. ಎಲ್ಲವೂ ಮನೆಯಲ್ಲಿಯೇ ನಡೆಯುವುದರಿಂದ ಹೊತ್ತನ್ನು ಅಂಕೆಯಲ್ಲಿಡಲು ಕಚೇರಿಯ ಗಂಟೆಯಾಗಲಿ ಮೇಲಧಿಕಾರಿಯ ಕಣ್ಣಾಗಲಿ ಇಲ್ಲ. ಟೈಮರ್ ಕೊಳ್ಳಲು ಹೊರಟಾಗ, ಯಾವುದು ಒಳ್ಳೆಯದು ಎಂದು ವಿಚಾರಿಸುವ ಮುನ್ನ ಅದರಿಂದ ನನಗೆ ತಿಳಿಯಬೇಕಾದದ್ದೇನು ಎಂಬುದನ್ನು ಗೊತ್ತುಮಾಡಿಕೊಂಡೆ. ಎಲ್ಲಿಗೆ ನಿಲ್ಲಿಸಬೇಕು, ಇನ್ನೆಷ್ಟು ಉಳಿದಿದೆ, ಇಷ್ಟು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ಪ್ರಶ್ನೆಗಳಿಗೆ ಒಂದೇ ಉಪಕರಣ ಸಮರ್ಪಕವಾಗಿ ಉತ್ತರಿಸುವುದಿಲ್ಲ.

ಕರಡು ತಿದ್ದುವಾಗ ಕಣ್ಣು ದಣಿದದ್ದು ದಣಿದವರಿಗೇ ಗೊತ್ತಾಗುವುದಿಲ್ಲ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪಾದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿರುವುದುಂಟು. ಆಗಷ್ಟೇ ಕೆಲಸಕ್ಕೆ ಕುಳಿತವರ ಕಣ್ಣಿಗೆ ಅದು ತಟ್ಟನೆ ಬೀಳುತ್ತದೆ, ದಣಿದ ಕಣ್ಣು ಮಾತ್ರ ಇರಬೇಕಾದ ಪದವನ್ನು ತಾನೇ ಊಹಿಸಿಕೊಂಡು ಮುಂದೆ ಸಾಗುತ್ತದೆ. ಆದ್ದರಿಂದ ಇಲ್ಲಿ ನನಗೆ ಬೇಕಾದದ್ದು ಕಡ್ಡಾಯವಾಗಿ ಎಬ್ಬಿಸುವ ಟೈಮರ್. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಒಂದನ್ನು ಎದುರಿಗಿಟ್ಟುಕೊಂಡು ರೂಪಿಸಿದ ಪೊಮೊಡೊರೊ ವಿಧಾನದ 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಲೆಕ್ಕ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. (ನಮ್ಮ ಒಂದು ಗಳಿಗೆಯೂ 24 ನಿಮಿಷ, ತಳದಲ್ಲಿ ಸಣ್ಣ ರಂಧ್ರವಿದ್ದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಮುಳುಗಲು ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಇದರಿಂದ ನಾನು ಏನನ್ನೂ ಸಾಧಿಸಲು ಹೊರಟಿಲ್ಲ, ಹೊಂದಿಕೆ ಸೊಗಸಾಗಿದೆ ಅಷ್ಟೆ.)

ಇದಕ್ಕೆ ನಾನು ಬಳಸುವುದು ಕೀಲಿಯ ಟೈಮರ್. ಒಳಗಿನ ಸ್ಪ್ರಿಂಗ್ ಸರಿಯಾಗಿ ಬಿಗಿಯಾಗಲೆಂದು ಮುಖಫಲಕವನ್ನು ಬೇಕಾದ ಅಂಕಿಗಿಂತ ಮುಂದಕ್ಕೆ ಪೂರ್ತಿ ತಿರುಗಿಸಿ, ಬಳಿಕ 25ಕ್ಕೆ ಹಿಂದಕ್ಕೆ ತರಬೇಕು. ಕೈಯಿಂದ ತಿರುಗಿಸುವ ಆ ಕ್ರಿಯೆಯೇ ಕೆಲಸ ಆರಂಭವಾಯಿತೆಂಬ ಸೂಚನೆಯಾಗುತ್ತದೆ. ಗುಂಡಿ ಒತ್ತಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಅದರ ಟಿಕ್ ಟಿಕ್ ಸದ್ದು ಎಲ್ಲರಿಗೂ ಒಗ್ಗುವಂಥದ್ದಲ್ಲ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಕರಡನ್ನು ತಾಳೆ ನೋಡುವಾಗ ಅದನ್ನು ಪಕ್ಕದ ಕೋಣೆಯಲ್ಲಿಡುವುದೇ ಮೇಲು. ಐದು ನಿಮಿಷದ ಬಿಡುವನ್ನು ಅಳೆಯಲೂ ಅದು ಅಷ್ಟು ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಕಡಿಮೆ ಅವಧಿಗೆ ಇಟ್ಟಾಗ ಅರ್ಧ ನಿಮಿಷದ ವ್ಯತ್ಯಾಸವೂ ದೊಡ್ಡದೇ.

ಮೊಬೈಲ್‌ನಲ್ಲಿಯೇ ಟೈಮರ್ ಇರುವಾಗ ಇನ್ನೊಂದೇಕೆ ಎಂದು ಕೇಳುವವರಿದ್ದಾರೆ. ಅದರ ನಿಖರತೆಯ ಬಗ್ಗೆ ನನಗೆ ತಕರಾರಿಲ್ಲ. ಗಂಟೆ ಬಾರಿಸಿದಾಗ ಅದನ್ನು ನಿಲ್ಲಿಸಲು ಕೈಗೆತ್ತಿಕೊಳ್ಳಲೇಬೇಕಲ್ಲ, ಆಗ ತೆರೆಯ ಮೇಲೆ ಸಾಲುಗಟ್ಟಿರುವ ವಾಟ್ಸಾಪ್ ಸಂದೇಶಗಳು ಐದು ನಿಮಿಷದ ಬಿಡುವನ್ನು ನುಂಗಿಹಾಕುತ್ತವೆ. ಅಲ್ಲದೆ, ವಿಶ್ರಾಂತಿ ಬೇಕಾದ ಕಣ್ಣನ್ನು ಮತ್ತೊಂದು ತೆರೆಗೇ ಒಪ್ಪಿಸಿದಂತಾಗುತ್ತದೆ.

ಅನುವಾದದ ಬೇಡಿಕೆ ಇದಕ್ಕೆ ವಿರುದ್ಧ. ಒಂದು ವಾಕ್ಯದ ನಡಿಗೆ ಕೈಹತ್ತುವ ಹೊತ್ತಿಗೆ ಗಂಟೆ ಬಾರಿಸಿದರೆ ಅದನ್ನು ಮರಳಿ ಹಿಡಿಯಲು ಮತ್ತಷ್ಟು ಹೊತ್ತು ಬೇಕು. ಇಲ್ಲಿ ಸದ್ದಿಗಿಂತ ನೋಟವೇ ಸಾಕು. ಅಮೆರಿಕದ ಜ್ಯಾನ್ ರೋಜರ್ಸ್ ಎಂಬ ತಾಯಿ 1990ರ ದಶಕದಲ್ಲಿ ತಮ್ಮ ಪುಟ್ಟ ಮಗಳಿಗೆ ಹೊತ್ತು ಉಳಿದಿರುವುದನ್ನು ಕಣ್ಣಿಗೆ ತೋರಿಸಲೆಂದು ರೂಪಿಸಿದ ‘ಟೈಮ್ ಟೈಮರ್’ನಲ್ಲಿ ಅವಧಿ ಕಳೆದಂತೆಲ್ಲ ಕೆಂಪು ಬಿಲ್ಲೆ ಕಿರಿದಾಗುತ್ತ ಹೋಗುತ್ತದೆ. ಆ ಬಗೆಯದನ್ನು 60 ನಿಮಿಷಕ್ಕೆ ಇಟ್ಟು, ಸದ್ದು ಅಡಗಿಸಿ, ನಿಘಂಟುಗಳ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಓರೆನೋಟದಲ್ಲಿ ಕೆಂಪು ತೆಳುವಾದದ್ದು ಕಂಡರೆ ಹೊಸ ಪ್ಯಾರಾ ಎತ್ತಿಕೊಳ್ಳದೆ, ಕೈಯಲ್ಲಿರುವುದನ್ನು ಮುಗಿಸುವ ಕಡೆಗೆ ಮನಸ್ಸು ತಾನಾಗಿ ವಾಲುತ್ತದೆ. ಮರಳಿನ ಗಡಿಯಾರವೂ ಸದ್ದಿಲ್ಲದ್ದೇ. ಆದರೆ ಬಾಗಿಲಲ್ಲಿ ಕೊರಿಯರ್‌ನವರು ಕರೆದರೆ ಸುರಿಯುವ ಮರಳನ್ನು ನಿಲ್ಲಿಸುವ ಸುಲಭ ಉಪಾಯವಿಲ್ಲ.

ಮೂರನೆಯ ಪ್ರಶ್ನೆಗೆ ಇಳಿಯೆಣಿಕೆಯ ಟೈಮರ್ ಬೇಕಿಲ್ಲ, ಸೊನ್ನೆಯಿಂದ ಮೇಲಕ್ಕೆ ಎಣಿಸುವ ಸ್ಟಾಪ್‌ವಾಚ್ ಬೇಕು. ಹೊಸ ಪುಸ್ತಕ ಬಂದಾಗ ಮೊದಲ ಹತ್ತು ಪುಟಗಳನ್ನು ಸ್ಟಾಪ್‌ವಾಚ್ ಇಟ್ಟುಕೊಂಡೇ ತಿದ್ದುತ್ತೇನೆ. ಅಡಿಟಿಪ್ಪಣಿಗಳು ತುಂಬಿದ ಸಂಶೋಧನ ಗ್ರಂಥದ ಒಂದು ಪುಟ ಕಾದಂಬರಿಯ ಹಲವು ಪುಟಗಳಷ್ಟು ಹೊತ್ತನ್ನು ಕೇಳುತ್ತದೆ. ಈ ಅಳತೆ ಕೈಯಲ್ಲಿದ್ದರೆ ‘ಯಾವಾಗ ಕೊಡುತ್ತೀರಿ?’ ಎಂದು ಪ್ರಕಾಶಕರು ಕೇಳಿದಾಗ ಬಾಯಿಗೆ ಬಂದ ದಿನಾಂಕ ಹೇಳಬೇಕಾಗುವುದಿಲ್ಲ. ಪುಟಕ್ಕೆ ಇಂತಿಷ್ಟು ಎಂಬ ದರವನ್ನೂ ಸಂಕೋಚವಿಲ್ಲದೆ ಮುಂದಿಡಬಹುದು.

ಎರಡೂ ದಿಕ್ಕಿನಲ್ಲಿ ಎಣಿಸುವ, ಬೆನ್ನಿಗೆ ಆಯಸ್ಕಾಂತವಿರುವ ಸಣ್ಣ ಡಿಜಿಟಲ್ ಟೈಮರ್‌ಗಳು ಪಾತ್ರೆ ಅಂಗಡಿಗಳಲ್ಲೂ ಸಿಗುತ್ತವೆ. ಒಂದನ್ನೇ ಕೊಳ್ಳುವವರಿಗೆ ನಾನು ಸೂಚಿಸುವುದು ಅದನ್ನೇ. ಅಂಗಡಿಯಲ್ಲಿಯೇ ಸೆಲ್ ಹಾಕಿಸಿ ಮೂರು ಸಂಗತಿ ನೋಡಬೇಕು: ಸದ್ದನ್ನು ಕಡಿಮೆ ಮಾಡುವ ಸ್ವಿಚ್ ಇದೆಯೇ, ಹಿಂದೆ ಇಟ್ಟಿದ್ದ ಅವಧಿ ನೆನಪಿನಲ್ಲಿ ಉಳಿದು ಒಂದೇ ಒತ್ತಿಗೆ ಮರಳಿ ಬರುತ್ತದೆಯೇ, ಮತ್ತು ಅಂಕಿಗಳು ಮೇಜಿನ ಆಚೆ ತುದಿಯಿಂದ ಕನ್ನಡಕವಿಲ್ಲದೆ ಕಾಣುತ್ತವೆಯೇ.