ಬೊಳ್ಳಿಯ ಬಾಣಂತನ

ಬೆಕ್ಕು ಮರಿ ಹಾಕಿದೆ ಅಂತ ಗೊತ್ತಾದರೆ ಸಾಕು, ಬಂದವರೆಲ್ಲ ಉಪದೇಶಕ್ಕೆ ನಿಲ್ಲುತ್ತಾರೆ. ಮುಟ್ಟಬೇಡಿ, ತಾಯಿ ಬಿಟ್ಟು ಹೋಗ್ತದೆ. ಹಾಲು ಕೊಡಿ. ಹಾಲು ಕೊಡಬೇಡಿ. ಗಂಡು ಬೆಕ್ಕು ಬರ್ತದೆ, ಜಾಗ್ರತೆ. ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ ನಮ್ಮದು ಹಳೇ ಹಂಚಿನ ಮನೆ. ಅಲ್ಲಿ ಬೆಕ್ಕಿಲ್ಲದ ಕಾಲವೇ ನನಗೆ ನೆನಪಿಲ್ಲ. ಇಷ್ಟು ಬಾಣಂತನ ನೋಡಿದ ಮೇಲೆ ನಾನು ಹೇಳುವುದು ಇಷ್ಟೇ. ತಾಯಿ ಬೆಕ್ಕು ಮಾಡುವುದರಲ್ಲಿ ಬಹುಪಾಲು ನಮಗೆ ವಿಚಿತ್ರ ಕಂಡರೂ ಸರಿಯೇ ಇರುತ್ತದೆ. ಅವಳನ್ನು ತಿದ್ದಲು ಹೋಗಬಾರದು, ಅವಳ ಸುತ್ತಲಿನದ್ದನ್ನು ಸರಿ ಮಾಡಿಕೊಡಬೇಕು. ಕೈ ಹಾಕಬೇಕಾದ ಹೊತ್ತು ಕಡಿಮೆ. ಆದರೆ ಬಂದಾಗ ಹಾಕಲೇಬೇಕು. ಕಳೆದ ಮಳೆಗಾಲದಲ್ಲಿ ನಮ್ಮ ಬೆಕ್ಕು ಬೊಳ್ಳಿಯ ಬಾಣಂತನದಲ್ಲಿ ಎರಡೂ ಬಂತು, ಸುಮ್ನೆ ಇರಬೇಕಾದ ಹೊತ್ತೂ, ಕೈ ಹಾಕಬೇಕಾದ ಹೊತ್ತೂ.

ಬೆಕ್ಕು ಗಬ್ಬ ಆದರೆ ಸುಮಾರು 63ರಿಂದ 65 ದಿನಕ್ಕೆ ಮರಿ ಹಾಕುತ್ತದೆ. ಕೊನೇ ವಾರ ಬೊಳ್ಳಿ ಮನೆಯ ಮೂಲೆ ಮೂಲೆ ಮೂಸಲು ಶುರು ಮಾಡಿದಳು. ಬಟ್ಟೆ ಕಪಾಟು, ತೆಂಗಿನಕಾಯಿ ರಾಶಿಯ ಹಿಂದೆ, ಅಟ್ಟ. ನಾನು ಅಟ್ಟದ ಮೆಟ್ಟಿಲ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟೆ. ಒಂದು ಬದಿ ಕತ್ತರಿಸಿ, ಒಳಗೆ ಹಳೇ ಹತ್ತಿ ಸೀರೆ ಮಡಚಿ ಹಾಕಿದೆ. ಬೈರಾಸ, ಅಂದರೆ ಟವೆಲ್, ಹಾಕಬಾರದು. ಅದರ ನೂಲಿನ ಕುಣಿಕೆಗೆ ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆ. ಪೆಟ್ಟಿಗೆ ಅವಳಿಗೆ ಒಪ್ಪಿಗೆಯಾಯಿತು. ಒಪ್ಪದಿದ್ದರೆ ಕಪಾಟಿನ ಸೀರೆಗಳ ಮೇಲೇ ಹೆರಿಗೆ ಆಗುತ್ತಿತ್ತು, ಅಷ್ಟೇ.

ಹೆರಿಗೆಯ ರಾತ್ರಿ ಜೋರು ಮಳೆ, ಕರೆಂಟ್ ಇಲ್ಲ. ನಾನು ದೂರದಲ್ಲಿ ಟಾರ್ಚನ್ನು ಗೋಡೆ ಕಡೆ ತಿರುಗಿಸಿ ಕೂತಿದ್ದೆ. ಮರಿ ತೆಳ್ಳಗಿನ ಪೊರೆಯೊಳಗೇ ಹೊರಗೆ ಬರುತ್ತದೆ. ಬೊಳ್ಳಿ ಅದನ್ನು ಹಲ್ಲಿನಿಂದ ಹರಿದು ಮೊದಲು ಮೂತಿ ನೆಕ್ಕಿದಳು. ನೆಕ್ಕಿದ್ದು ಅಂದರೆ ಮುದ್ದಿನ ನೆಕ್ಕಲ್ಲ, ಮರಿ ಹೊರಳಿ ಬೀಳುವಷ್ಟು ಜೋರು. ಆ ಒರಟು ನಾಲಿಗೆಯ ತಿಕ್ಕಿಗೇ ಮರಿ ಉಸಿರೆಳೆದು ಕೀಂ ಅಂದಿತು. ಆಮೇಲೆ ಹೊಕ್ಕುಳ ಬಳ್ಳಿ ಕಚ್ಚಿ ತುಂಡು ಮಾಡಿದಳು, ಮರಿಯ ಹಿಂದೆ ಬಂದ ಕಸವನ್ನು, ಅಂದರೆ ಮಾಸನ್ನು, ತಿಂದಳು. ನೋಡುವವರಿಗೆ ಹೇಸಿಗೆ ಆಗಬಹುದು. ಆದರೆ ಅದು ಅವಳಿಗೆ ಆಹಾರ, ಗೂಡಿಗೆ ಶುಚಿ. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಅವಳು ಆರಾಮಾಗಿದ್ದರೆ ಸುಮ್ನೆ ಕಾಯಬೇಕು. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬರದಿದ್ದರೆ ಮಾತ್ರ ಡಾಕ್ಟರಿಗೆ ಫೋನ್ ಮಾಡಬೇಕು. ಬೊಳ್ಳಿಗೆ ಅದು ಬೇಕಾಗಲಿಲ್ಲ. ಬೆಳಗಾಗುವಾಗ ನಾಲ್ಕು ಮರಿ ಸಾಲಾಗಿ ಮೊಲೆಗೆ ಅಂಟಿಕೊಂಡಿದ್ದವು.

ಕಣ್ಣು ಮುಚ್ಚಿದೆ, ಕಿವಿ ಕೇಳುವುದಿಲ್ಲ, ಆದರೂ ಮೊಲೆ ಹುಡುಕುತ್ತವೆ. ಅದೆಲ್ಲ ವಾಸನೆ ಮತ್ತು ಬಿಸಿಯ ಜಾಡು. ತಾಯಿಯ ಗುರ್ ಗುರ್ ಕಂಪನವೂ ಮೈಗೆ ತಾಗುತ್ತದೆ. ಕೆಲವೇ ದಿನಗಳಲ್ಲಿ ಹೆಚ್ಚಿನ ಮರಿಗಳು ಒಂದೊಂದು ಮೊಲೆಯನ್ನು ತಮ್ಮದು ಮಾಡಿಕೊಳ್ಳುತ್ತವೆ. ಮೊದಲ ದಿನದ ಹಾಲು ಬಹಳ ಮುಖ್ಯ. ರೋಗ ತಡೆಯುವ ಶಕ್ತಿ ಅದರಿಂದಲೇ ಮರಿಯ ರಕ್ತಕ್ಕೆ ಇಳಿಯಬೇಕು, ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚುತ್ತದೆ.

ಬಾಣಂತಿಗೆ ಊಟ ಜಾಸ್ತಿ ಬೇಕು, ಮಾಮೂಲಿಗಿಂತ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೂತಾಯಿ ಮೀನಿಗೂ ಬಂಗಾರದ ರೇಟು. ಬೊಳ್ಳಿಗೆ ಅದೆಲ್ಲ ಅರ್ಥ ಆಗುವುದಿಲ್ಲವಲ್ಲ! ಸಿಕ್ಕಿದ ದಿನ ಮೀನು ಬೇಯಿಸಿ ಮುಳ್ಳು ತೆಗೆದು ಕೊಟ್ಟೆ, ಉಳಿದ ದಿನ ಕೋಳಿ, ಮೊಟ್ಟೆ. ದನದ ಹಾಲು ಕೊಡಲಿಲ್ಲ. ತುಂಬಾ ಬೆಕ್ಕುಗಳಿಗೆ ಅದು ಜೀರ್ಣ ಆಗದೆ ಭೇದಿ ಆಗುತ್ತದೆ. ನೀರಿನ ಬಟ್ಟಲು ಮಾತ್ರ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು, ಮೊದಲ ದಿನ ಅವಳು ಏಳುವುದೇ ಅಪರೂಪ.

ಪೆಟ್ಟಿಗೆ ಯಾಕೆ ವಾಸನೆ ಬರುವುದಿಲ್ಲ ಅಂತ ನಮ್ಮ ಸೊಸೆ ಕೇಳಿದಳು. ಸುಮಾರು ಮೂರು ವಾರದ ತನಕ ಮರಿಗೆ ತಾನಾಗಿ ಉಚ್ಚೆ ಹೊಯ್ಯಲಿಕ್ಕೂ ಬರುವುದಿಲ್ಲ. ತಾಯಿ ಹಿಂಭಾಗ ನೆಕ್ಕಿದರೆ ಮಾತ್ರ ಆಗುತ್ತದೆ, ಆದದ್ದನ್ನು ಅವಳೇ ನುಂಗುತ್ತಾಳೆ. ಗೂಡಿನ ವಾಸನೆ ಹಿಡಿದು ಶತ್ರು ಬರಬಾರದು ಅಲ್ವಾ? ಯಾರಿಗಾದರೂ ತಾಯಿ ಇಲ್ಲದ ಮರಿ ಸಿಕ್ಕಿದರೆ ಇದು ನೆನಪಿರಲಿ. ಹಾಲು ಕುಡಿಸಿದರಷ್ಟೇ ಸಾಲದು. ಪ್ರತಿ ಸಲ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಸವರಬೇಕು.

ಇನ್ನು ಕೈ ಹಾಕಬೇಕಾಗಿ ಬಂದ ಕಥೆ. ನಾನು ಮರಿಗಳನ್ನು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ಹುಟ್ಟುವಾಗ ಹೆಚ್ಚುಕಡಿಮೆ 100 ಗ್ರಾಂ ಇರುತ್ತವೆ, ದಿನಕ್ಕೆ 10 ಗ್ರಾಮಿನಷ್ಟು ಏರಬೇಕು. ಮೊದಲು ಬೊಳ್ಳಿಯ ಬೆನ್ನು, ಕೆನ್ನೆ ಸವರಿ, ಅವಳ ವಾಸನೆ ಕೈಗೆ ಹಿಡಿಸಿಕೊಂಡು ಆಮೇಲೆ ಮರಿ ಎತ್ತುತ್ತೇನೆ. ಮನುಷ್ಯರ ಕೈ ತಾಗಿತು ಅಂತ ಸಾಕಿದ ಬೆಕ್ಕು ಮರಿ ಬಿಡುವುದಿಲ್ಲ. ಮೂರು ಮರಿ ಏರಿದವು. ನಾಲ್ಕನೆಯದು, ಬೂದಿ ಬಣ್ಣದ್ದು, ಏರಲಿಲ್ಲ. ಮರುದಿನ ನೋಡಿದರೆ ಅದು ಪೆಟ್ಟಿಗೆಯ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿತ್ತು. ಬೊಳ್ಳಿ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಅದು ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತಾಗಿದೆ. ನೀನು ಎಂತಕ್ಕೆ ಕಷ್ಟಪಡ್ತಿ?" ಅಂದರು ಅತ್ತೆ.

ಕೆಲವು ಸಲ ಅದು ನಿಜ ಇರುತ್ತದೆ. ಆದರೆ ಈ ಮರಿಯ ಹೊಟ್ಟೆ ಮುಟ್ಟಿದರೆ ತಣ್ಣಗೆ. ಬಾಯೊಳಗೆ ಕಿರುಬೆರಳು ಇಟ್ಟರೆ ಅಲ್ಲೂ ತಣ್ಣಗೆ. ಎಳೇ ಮರಿಗೆ ತನ್ನ ಮೈ ಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ಗುಂಪಿನಿಂದ ಉರುಳಿ ಹೊರಗೆ ಬಿದ್ದರೆ ಬೇಗ ತಣಿಯುತ್ತದೆ. ತಣಿದ ಮರಿ ಕೂಗುವುದಿಲ್ಲ, ಕೂಗದ ಮರಿಯನ್ನು ತಾಯಿ ಹುಡುಕುವುದಿಲ್ಲ. ಇಲ್ಲಿ ಹೆಚ್ಚಿನವರು ಮೊದಲು ಮಾಡುವುದು ಬಾಯಿಗೆ ಹಾಲು ಬಿಡುವುದು. ಅದೇ ಅಪಾಯ. ತಣ್ಣಗಿರುವ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ, ಹಾಲು ಶ್ವಾಸಕೋಶಕ್ಕೂ ಹೋಗಬಹುದು.

ನಾನು ಬಾಟಲಿಗೆ ಬಿಸಿ ನೀರು ತುಂಬಿ, ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಅದರ ಪಕ್ಕ ಮರಿ, ಮೇಲೊಂದು ತುಂಡು ಬಟ್ಟೆ. ನೀರು ಆರಿದ ಹಾಗೆ ಬದಲಾಯಿಸಿದೆ. ಅವಸರ ಮಾಡಿ ಒಲೆ ಹತ್ತಿರ ಹಿಡಿಯಬಾರದು, ಮೈ ನಿಧಾನಕ್ಕೆ ಬಿಸಿ ಆಗಬೇಕು. ತುಂಬಾ ಹೊತ್ತಿನ ಮೇಲೆ ಮುಂಗಾಲು ಅಲ್ಲಾಡಿತು. ತಲೆ ಆಚೀಚೆ ಆಡಿಸಿ ನನ್ನ ಬೆರಳ ಸಂದಿಯಲ್ಲಿ ಮೊಲೆ ಹುಡುಕಲು ಶುರು ಮಾಡಿತು, ಆಮೇಲೆ ಒಂದು ಸಣ್ಣ ಕೂಗು. ಮಲಗಿದ್ದ ಬೊಳ್ಳಿ ತಟ್ಟನೆ ತಲೆ ಎತ್ತಿದಳು. ಮರಿಯನ್ನು ಅವಳ ಹೊಟ್ಟೆಗೆ ತಾಗಿಸಿ ಇಟ್ಟ ಕೂಡಲೇ ಮುಂಗಾಲಲ್ಲಿ ಒತ್ತಿ ಹಿಡಿದು ಅಡಿಯಿಂದ ಮುಡಿವರೆಗೆ ನೆಕ್ಕಿದಳು. ಮುಂದೆ ಎರಡು ಹೊತ್ತು ಅದನ್ನೊಂದೇ ಮೊಲೆಗೆ ಹಿಡಿಸಿ, ಉಳಿದ ಮೂರನ್ನು ಸ್ವಲ್ಪ ದೂರ ಇಟ್ಟೆ. ತೂಕ ಏರಿತು.

ವಾರ ತುಂಬುವ ಮೊದಲು ನೆಂಟರ ಮಕ್ಕಳು ಬಂದರು. ಮರಿ ನೋಡಲು ಸಾಲು. ಅದೇ ರಾತ್ರಿ ಕಿಟಕಿ ಹೊರಗೆ ಗಂಡು ಬೆಕ್ಕು ಕೂಗಿತು. ಗಂಡು ಬೆಕ್ಕು ಮರಿಗಳನ್ನು ಕೊಲ್ಲುವುದು ಸುಳ್ಳಲ್ಲ. ಮರಿ ಹೋದರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಬೊಳ್ಳಿ ಕಿವಿ ಚಪ್ಪಟೆ ಮಾಡಿ, ಗಂಟಲೊಳಗೇ ಗುರುಗುಟ್ಟುತ್ತಾ ಕಿಟಕಿಗೆ ಹಾರಿದಳು. ಬೆಳಿಗ್ಗೆ ಪೆಟ್ಟಿಗೆ ಖಾಲಿ ಆಗುತ್ತಿತ್ತು. ಕುತ್ತಿಗೆಯ ಚರ್ಮ ಕಚ್ಚಿ ಎತ್ತಿದ ಮರಿ ಖಾಲಿ ಚೀಲದ ಹಾಗೆ ಜೋತು ಬಿದ್ದಿತ್ತು, ಕಾಲು ಮಡಚಿಕೊಂಡು, ಸದ್ದಿಲ್ಲದೆ. ಒಂದೊಂದಾಗಿ ಅಟ್ಟಕ್ಕೆ, ಹಿತ್ತಾಳೆ ಹಂಡೆಗಳ ಹಿಂದೆ. ನಾಲ್ಕೂ ಹೋದ ಮೇಲೆ ಇನ್ನೊಮ್ಮೆ ಇಳಿದು ಬಂದು ಖಾಲಿ ಪೆಟ್ಟಿಗೆ ಮೂಸಿ ನೋಡಿ ಹೋದಳು.

ಬೆಕ್ಕು ಮರಿಗೆ ಏಳು ಮನೆ ತೋರಿಸುತ್ತದೆ ಅನ್ನುತ್ತಾರೆ. ಶಾಸ್ತ್ರಕ್ಕೆ ತೋರಿಸುವುದಲ್ಲ. ಗಲಾಟೆ, ತೇವ, ವೈರಿ, ಹೀಗೆ ಏನೋ ಒಂದು ಕಾರಣ ಇರುತ್ತದೆ. ವಾಪಸ್ ತಂದು ಪೆಟ್ಟಿಗೆಯಲ್ಲಿ ಇಟ್ಟರೆ ಮುಂದಿನ ಸಲ ನಿಮಗೆ ಕಾಣದ ಜಾಗಕ್ಕೆ ಒಯ್ಯುತ್ತಾಳೆ. ನಾನು ಅಟ್ಟದಲ್ಲೇ ಒಣ ಗೋಣಿ, ಅದರ ಮೇಲೆ ಸೀರೆ ಹಾಸಿದೆ. ಹಂಚಿನ ಸೋರಿಕೆ ಕೆಳಗೆ ಬಕೆಟ್ ಇಟ್ಟೆ, ಕಿಟಕಿಗೆ ಬಲೆ ಹೊಡೆಸಿದೆ. ಮಕ್ಕಳಿಗೆ ಅಟ್ಟದ ಏಣಿ ಬಂದ್. ಅವಳು ಆಮೇಲೆ ಜಾಗ ಬದಲಾಯಿಸಲಿಲ್ಲ.

ಕಣ್ಣು ಬಿಡುವುದು ಒಂದರಿಂದ ಎರಡು ವಾರದೊಳಗೆ, ನಾವು ಬಿಡಿಸಲು ಹೋಗಬಾರದು. ನಾಲ್ಕನೇ ವಾರ ಬೊಳ್ಳಿಯ ವರಸೆ ಬದಲಾಯಿತು. ಮರಿ ಮೊಲೆಗೆ ಬಂದರೆ ಎದ್ದು ಹೋಗುವುದು, ಜಾಸ್ತಿ ಪೀಡಿಸಿದರೆ ಒಂದು ಪೆಟ್ಟು. ಸೊಸೆಗೆ ಬೇಜಾರು. ಹಾಲು ಬಿಡಿಸುವುದು ಹೀಗೆಯೇ. ಆ ಹೊತ್ತಿಗೆ ನಾನು ಮೀನು ನುಣ್ಣಗೆ ಹಿಸುಕಿ ತಟ್ಟೆಯಲ್ಲಿ ಇಡುತ್ತೇನೆ. ಅವಳೂ ತನ್ನ ಪಾಠ ಶುರು ಮಾಡಿದಳು. ಮೊದಲು ಸತ್ತ ಹಲ್ಲಿ, ಆಮೇಲೆ ಅರೆಜೀವದ ಇಲಿಮರಿ. ಬಾಯಲ್ಲಿ ಹಿಡಿದುಕೊಂಡೇ ಬೇರೆ ಯಾವಾಗಲೂ ಮಾಡದ ಒಂದು ದನಿಯಲ್ಲಿ ಕರೆಯುತ್ತಿದ್ದಳು. ಆ ಇಲಿಮರಿಯ ಮೇಲೆ ಎರಡೂ ಕಾಲಿಟ್ಟು, ಅಣ್ಣಂದಿರನ್ನು ಹತ್ತಿರ ಬಿಡದೆ ಗುರುಗುಟ್ಟಿದ್ದು ಬೂದಿ ಬಣ್ಣದ್ದೇ. ಅತ್ತೆ ನೋಡಿ, "ಇದಕ್ಕೆ ಸೊಕ್ಕು ಉಂಟು ಮಾರಾಯ್ತಿ" ಅಂದರು.

ಮೊಲೆ ಕೆಂಪಾಗಿ ಗಟ್ಟಿ ಆಗಿದೆಯಾ ಅಂತ ಆಗಾಗ ಮುಟ್ಟಿ ನೋಡುತ್ತಿರಿ. ಬಾಣಂತಿ ನಡುಗುವುದು, ತೂರಾಡುವುದು ಕಂಡರೆ ಮೈಯಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು, ಆಗ ಒಂದು ಗಂಟೆಯೂ ಕಾಯುವ ಹಾಗಿಲ್ಲ. ಹಾಲು ಕುಡಿಸುವಾಗ ಗಬ್ಬ ಆಗುವುದಿಲ್ಲ ಅಂತ ನಂಬಬೇಡಿ, ಬೆಕ್ಕಿಗೆ ಆ ಲೆಕ್ಕ ಇಲ್ಲ. ಬೊಳ್ಳಿಯನ್ನು ಮರಿಗಳು ಹಾಲು ಬಿಡುವ ತನಕ ಮನೆಯೊಳಗೇ ಇಟ್ಟು, ಹಾಲು ಬತ್ತಿದ ಮೇಲೆ ಆಪರೇಷನ್ ಮಾಡಿಸಿದೆ. ಎರಡು ತಿಂಗಳು ತುಂಬದೆ ಮರಿ ಕೊಡುವುದಿಲ್ಲ. ಕೊಡುವಾಗಲೂ ನಾಲ್ಕನ್ನೂ ಒಂದೇ ದಿನ ಕಳಿಸುವುದಿಲ್ಲ, ಒಂದು ಹೋದ ಮೇಲೆ ಕೆಲವು ದಿನ ಬಿಟ್ಟು ಇನ್ನೊಂದು. ಮೊದಲನೆಯದು ಹೋದಾಗ ಬೊಳ್ಳಿ ಒಂದು ದಿನ ಕೂಗಿ ಹುಡುಕಿದಳು. ಎರಡನೆಯದಕ್ಕೆ ಅಷ್ಟೂ ಇಲ್ಲ. ಬೂದಿ ಬಣ್ಣದ್ದನ್ನು ಕೇಳಿಕೊಂಡು ಇಬ್ಬರು ಬಂದಿದ್ದರು. ಅತ್ತೆ ಕೊಡಲು ಬಿಡಲಿಲ್ಲ.