ಗೋಣಿಕೊಪ್ಪಲಿನ ಜಗಲಿಯಲ್ಲಿ ಸೋಫೊಕ್ಲಿಸ್: ನನ್ನ ಟ್ಯೂಷನ್ ಅನುಭವ

ನನ್ನ ಹತ್ತಿರ ಇಂಗ್ಲಿಷ್ ಟ್ಯೂಷನ್‌ಗೆ ಬರುವವರಿಗೆ ಬೇಕಾಗಿರುವುದು ಎರಡೇ. ಒಂದು ಮಾರ್ಕ್ಸು, ಇನ್ನೊಂದು ಮಾತು. "ಮಿಸ್, ಇವನಿಗೆ ಸ್ವಲ್ಪ ಗ್ರಾಮರ್ ಹೇಳ್ಕೊಡಿ, ನಾಲ್ಕು ಜನರ ಮುಂದೆ ಮಾತಾಡೋ ಧೈರ್ಯ ಬಂದ್ರೆ ಸಾಕು" ಅಂತ ಹೇಳಿ ಅಪ್ಪ ಅಮ್ಮ ಬಿಟ್ಟು ಹೋಗುತ್ತಾರೆ. ಹಳೆಯ ಗ್ರೀಕ್ ಕವಿ ಹೋಮರ್ ಬೇಕು, ಗ್ರೀಕ್ ನಾಟಕಕಾರ ಸೋಫೊಕ್ಲಿಸ್ ಬೇಕು ಅಂತ ಇದುವರೆಗೆ ಯಾರೂ ಗೇಟು ತಟ್ಟಿಲ್ಲ. ಆದರೂ ನಮ್ಮನೆ ಜಗಲಿಯಲ್ಲಿ ಜಾಸ್ತಿ ಹೊತ್ತು ನಡೆಯುವುದು ಅವರ ಸುದ್ದಿಯೇ. ಇದನ್ನು ಹೇಗೆ ನಡೆಸುತ್ತೀಯ ಅಂತ ಶಾಲೆಯಲ್ಲಿ ಕಲಿಸುವ ಗೆಳತಿಯರು ಆಗಾಗ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದೆ. ಆ ಸಂಬಳದ ಕಥೆ ಗೊತ್ತಿರುವವರಿಗೆ ಗೊತ್ತು, ಬಿಡಿ. ಆಮೇಲೆ ಮನೆಯಲ್ಲೇ ಪಾಠ ಶುರು ಮಾಡಿದೆ. ಬರುವವರು ನಾನಾ ಥರ. ಐಸಿಎಸ್‌ಇ ಶಾಲೆಯ ಮಕ್ಕಳಿಗೆ ಷೇಕ್ಸ್‌ಪಿಯರ್‌ನ ಇಡೀ ನಾಟಕವೇ ಪಠ್ಯ. ಪಿಯುಸಿಯವರಿಗೆ ಪದ್ಯ, ಕಥೆ, ತುಣುಕು. ಬಿ.ಎ.ಯವರು ಕೆಲವರು. ಕಾಲೇಜು ಉಪನ್ಯಾಸಕರಾಗಲು ಬೇಕಾದ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಬರೆಯುವವರು ಒಬ್ಬಿಬ್ಬರು. ಮನೆಯಲ್ಲಿ ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಒಬ್ಬರದು ಮಲಯಾಳ, ಇನ್ನೊಬ್ಬರದು ತುಳು. ಎಲ್ಲರಿಗೂ ನಡುವೆ ಕನ್ನಡ. ಇಷ್ಟು ಭಾಷೆ ಕಿವಿಗೆ ಬಿದ್ದು ಬೆಳೆದ ಮಕ್ಕಳಿಗೆ ಇನ್ನೊಂದು ಭಾಷೆ ಕಷ್ಟ ಆಗಬಾರದು ಅಲ್ವಾ? ಕಷ್ಟ ಆಗುವುದು ಯಾಕೆ ಅಂದರೆ, ಉಳಿದ ಭಾಷೆಗಳನ್ನು ಅವರು ಕೇಳಿ ಕಲಿತಿರುತ್ತಾರೆ, ಇಂಗ್ಲಿಷನ್ನು ಮಾತ್ರ ನೋಟ್ಸ್ ಬರೆದು ಕಲಿತಿರುತ್ತಾರೆ.

ಅದಕ್ಕೇ ನಾನು ನೋಟ್ಸ್ ಕೊಡುವುದಿಲ್ಲ. ಗಟ್ಟಿಯಾಗಿ ಓದಿಸುತ್ತೇನೆ. ನಾನು ಒಂದು ಸಲ ಓದುತ್ತೇನೆ, ಅವರು ಸರದಿಯಲ್ಲಿ ಓದುತ್ತಾರೆ, ಆಮೇಲೆ ಪುಸ್ತಕ ಮುಚ್ಚಿ ಕಥೆ ಹೇಳಬೇಕು. ಯಾವ ಭಾಷೆಯಲ್ಲಾದರೂ ಸರಿ, ಕಥೆ ಪೂರ್ತಿ ಬರಬೇಕು. ಇಂಗ್ಲಿಷಿನಲ್ಲಿ ಹೇಳುವ ಸರದಿ ಅದರ ಮರುದಿನ. ಮೊದಮೊದಲು ಮಕ್ಕಳಿಗೆ ನಾಚಿಕೆ. ಹೈಸ್ಕೂಲು ಹುಡುಗರಂತೂ ಬಾಯಿ ಬಿಡುವುದೇ ಇಲ್ಲ. ಬರಬರುತ್ತಾ ಸರಿಯಾಗುತ್ತದೆ. ಮಳೆಗಾಲದಲ್ಲಂತೂ ಹಂಚಿನ ಮೇಲೆ ಬೀಳುವ ಸದ್ದಿಗೆ ಕೂಗಿಯೇ ಓದಬೇಕು, ನಾಚಿಕೆಗೆ ಅಲ್ಲಿ ಜಾಗ ಇರುವುದಿಲ್ಲ.

ಷೇಕ್ಸ್‌ಪಿಯರ್‌ನ ಸಾಲು ಓದಿಸುವಾಗ ಒಂದು ಕೆಲಸ ಮೊದಲೇ ಮಾಡಬೇಕು. ನಮ್ಮ ಭಾಷೆಗಳಲ್ಲಿ ಅಕ್ಷರಗಳನ್ನು ಹೆಚ್ಚುಕಮ್ಮಿ ಸಮನಾಗಿ ಹೇಳುತ್ತಾ ಹೋಗುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಬೀಳುವ ಕಡೆ ಧ್ವನಿ ಏಳುತ್ತದೆ, ಉಳಿದ ಕಡೆ ಸರಿದು ಹೋಗುತ್ತದೆ. ನಮ್ಮ ಮಕ್ಕಳು ಕನ್ನಡ ಪಾಠದಲ್ಲಿ ಲಘು-ಗುರು ಹಾಕಿ ಪ್ರಸ್ತಾರ ಮಾಡಿರುತ್ತಾರೆ. "ಹಾಗೇ ಇದಕ್ಕೂ ಹಾಕಿ ನೋಡಿ" ಅಂತ ರೋಮಿಯೋ ಹೇಳುವ ಸಾಲು ಕೊಡುತ್ತೇನೆ: "ಬಟ್ ಸಾಫ್ಟ್, ವಾಟ್ ಲೈಟ್ ಥ್ರೂ ಯಾಂಡರ್ ವಿಂಡೋ ಬ್ರೇಕ್ಸ್." ಹಾಕಿ ನೋಡಿದರೆ ಸಾಲಿನ ತುಂಬ ಗುರುವೇ! ನಗು ಬರುತ್ತದೆ. ಈ ಲೆಕ್ಕ ಇಲ್ಲಿ ನಡೆಯುವುದಿಲ್ಲ ಅಂತ ಅವರಿಗೇ ಗೊತ್ತಾಗುತ್ತದೆ. ಆಮೇಲೆ ಜಗಲಿಯ ಉದ್ದಕ್ಕೂ ನಡೆಯಲು ಹೇಳುತ್ತೇನೆ. ಹತ್ತು ಅಕ್ಷರ, ಐದು ಹೆಜ್ಜೆ. ಸಾಫ್ಟ್, ಲೈಟ್, ಯಾನ್, ವಿನ್, ಬ್ರೇಕ್ಸ್, ಈ ಐದಕ್ಕೆ ಕಾಲು ನೆಲಕ್ಕೆ ಬೀಳಬೇಕು. ಉಳಿದ ಐದು ಅಕ್ಷರ ಕಾಲೆತ್ತುವಾಗ. ಸ್ವಲ್ಪ ಹೊತ್ತು ಹೀಗೆ ನಡೆದರೆ ಐಯಾಂಬಿಕ್ ಪೆಂಟಾಮೀಟರ್ ಅನ್ನುವ ಹೆಸರು ಹೇಳುವ ಮೊದಲೇ ಅದು ಮೈಗೆ ಬಂದಿರುತ್ತದೆ. ಹೆಸರು ಆಮೇಲೆ ಹೇಳಿದರಾಯ್ತು.

ಹೋಮರ್‌ಗೆ ಬರುತ್ತೇನೆ. ಇಲಿಯಡ್, ಒಡಿಸ್ಸಿ ಅವನ ಎರಡು ಮಹಾಕಾವ್ಯಗಳು. ಇಲಿಯಡ್ ಇಪ್ಪತ್ನಾಲ್ಕು ಕಾಂಡ, ಹದಿನೈದು ಸಾವಿರಕ್ಕೂ ಮೇಲೆ ಸಾಲು. ಅದನ್ನು ಪೂರ್ತಿ ಓದಿಸಲು ಆಗುವುದಿಲ್ಲ, ಓದಿಸಬೇಕಾಗಿಯೂ ಇಲ್ಲ. ಒಡಿಸ್ಸಿಯನ್ನು ಗದ್ಯದಲ್ಲಿ ಓದಿಸುತ್ತೇನೆ. ಇ.ವಿ. ರಿಯು ಅನುವಾದ, 1946ರದು, ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆ ಶುರುವಾಗಿದ್ದೇ ಅದರಿಂದ. ಭಾಷೆ ಸಲೀಸು, ಪಿಯು ಮಕ್ಕಳಿಗೆ ಹಿಡಿಸುತ್ತದೆ. ಅವರಿಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. "ಎಂತ ಮಿಸ್, ಬೆಳಗಾದಾಗೆಲ್ಲ ಅದೇ ಗುಲಾಬಿ ಬೆರಳಿನ ಉಷೆ ಅಂತಾನೆ, ಬೇರೆ ಏನೂ ಹೊಳೀಲಿಲ್ವಾ ಇವನಿಗೆ?"

ಈ ಪ್ರಶ್ನೆ ಬಂದ ಕೂಡಲೇ ನಾನು ಕೊಡವರ ಹಾಡು ಬಾಳೋ ಪಾಟ್‌ಗೆ ಹೋಗುತ್ತೇನೆ. ಮದುವೆಯಲ್ಲೋ ಪುತ್ತರಿ ಹಬ್ಬದಲ್ಲೋ ನಾಲ್ಕು ಜನ ದುಡಿ ಹಿಡಿದು ನಿಂತು ಹಾಡುವುದನ್ನು ಇಲ್ಲಿಯ ಮಕ್ಕಳೆಲ್ಲ ನೋಡಿದ್ದಾರೆ. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಒಬ್ಬ ಹುಡುಗಿಯ ತಾತ ಒಳ್ಳೆ ಹಾಡುಗಾರರು. ಅವರನ್ನು ಒಂದು ಸಲ ಕರೆಸಿದ್ದೆ. ಇಷ್ಟುದ್ದ ಹಾಡು ಹೇಗೆ ನೆನಪಿಟ್ಟುಕೊಳ್ಳುತ್ತೀರಿ ತಾತ ಅಂತ ಹುಡುಗರು ಕೇಳಿದರು. "ಎಲ್ಲ ಎಲ್ಲಿ ನೆನಪಿಟ್ಕೊಳ್ಳೋದು? ಕೆಲವು ಸಾಲು ಕಟ್ಟಿಟ್ಟ ಹಾಗೆ ಇರ್ತದೆ. ಮನೆ ಹೆಸರು, ಗಂಡಿನ ಹೆಸರು ಬದಲಾಗ್ತದೆ. ಆ ಕಟ್ಟಿದ ಸಾಲು ಬರುವಾಗ ಮುಂದಿನದು ಯೋಚನೆ ಮಾಡ್ತೇನೆ" ಅಂದರು.

ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಹೋಮರ್ ಬಗ್ಗೆ ಹೇಳಿದ್ದು ಬಹುಮಟ್ಟಿಗೆ ಇದನ್ನೇ. ವೇಗದ ಕಾಲಿನ ಅಕಿಲೀಸ್, ಗುಲಾಬಿ ಬೆರಳಿನ ಉಷೆ, ಇವೆಲ್ಲ ಹಾಡುತ್ತಲೇ ಕಟ್ಟುವವನಿಗೆ ಕೈಗೆ ಸಿಗುವ ಸಿದ್ಧ ತುಂಡುಗಳು. ಬರೀ ಪುಸ್ತಕ ನೋಡಿ ಹೇಳಿದರೆ ಸಾಲದು ಅಂತ 1930ರ ದಶಕದಲ್ಲಿ ಅವರು ಯುಗೊಸ್ಲಾವಿಯಾಕ್ಕೆ ಹೋಗಿ ಅಲ್ಲಿಯ ಹಾಡುಗಾರರನ್ನು ರೆಕಾರ್ಡ್ ಮಾಡಿದರು. ಆವ್ದೊ ಮೆಜೆದೊವಿಚ್ ಅನ್ನುವ ಹಾಡುಗಾರ ಹನ್ನೆರಡು ಸಾವಿರ ಸಾಲಿನಷ್ಟು ಉದ್ದದ ಒಂದು ಕಥೆ ಹಾಡಿದ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಪ್ಯಾರಿ 1935ರಲ್ಲೇ ತೀರಿಹೋದರು. ಅವರ ಜೊತೆಗಿದ್ದ ಆಲ್ಬರ್ಟ್ ಲಾರ್ಡ್ ಈ ಕೆಲಸ ಮುಂದುವರಿಸಿ 1960ರಲ್ಲಿ ಪುಸ್ತಕ ತಂದರು. ನಮ್ಮ ಕೊಡಗಿನಲ್ಲಿ ಅದಕ್ಕೂ ಮುಂಚೆ, 1924ರಲ್ಲೇ, ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಹಾಡು ಕೂಡಿಸಿ 'ಪಟ್ಟೋಲೆ ಪಳಮೆ' ಅಚ್ಚು ಮಾಡಿಸಿದ್ದರು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ, ಒಪ್ಪಿಕೊಳ್ಳುತ್ತೇನೆ.

ಇಷ್ಟು ಆದ ಮೇಲೆ ಸೋಫೊಕ್ಲಿಸ್‌ನ ಆಂಟಿಗನಿ. ನನ್ನ ಪಾಠದಲ್ಲಿ ಇದಕ್ಕಿಂತ ಚೆನ್ನಾಗಿ ನಡೆಯುವ ಪುಸ್ತಕ ಇನ್ನೊಂದಿಲ್ಲ. ಕ್ರಿ.ಪೂ. 441ರ ಸುಮಾರಿನ ನಾಟಕ. ಕಥೆ ಚಿಕ್ಕದು. ಅಣ್ಣತಮ್ಮಂದಿರಿಬ್ಬರು ಥೀಬ್ಸ್ ಪಟ್ಟಣಕ್ಕಾಗಿ ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ಒಬ್ಬ ಊರನ್ನು ಕಾದವನು, ಇನ್ನೊಬ್ಬ ಹೊರಗಿನ ಸೈನ್ಯ ತಂದವನು. ಕಾದವನಿಗೆ ಮರ್ಯಾದೆಯ ಸಂಸ್ಕಾರ, ತಂದವನ ಹೆಣ ನಾಯಿ ನರಿಗೆ, ಮುಟ್ಟಿದವರಿಗೆ ಸಾವು ಅಂತ ರಾಜ ಕ್ರಿಯಾನ್ ಆಜ್ಞೆ. ತಂಗಿ ಆಂಟಿಗನಿ ಹೋಗಿ ಆ ಹೆಣದ ಮೇಲೆ ಮಣ್ಣು ಹಾಕುತ್ತಾಳೆ.

ಇದನ್ನು ಓದಿಸಿ, ಜಗಲಿಯನ್ನು ಎರಡು ಪಾಲು ಮಾಡುತ್ತೇನೆ. ಈ ಕಡೆ ಕ್ರಿಯಾನ್ ವಕೀಲರು, ಆ ಕಡೆ ಆಂಟಿಗನಿ ವಕೀಲರು. ಬಾಯಿಗೆ ಬಂದದ್ದು ಹೇಳುವ ಹಾಗಿಲ್ಲ, ಪುಸ್ತಕದ ಸಾಲು ತೋರಿಸಿಯೇ ವಾದ ಮಾಡಬೇಕು. ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಒಬ್ಬರು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಹವಾಲ್ದಾರರಾಗಿ ನಿವೃತ್ತರಾದವರು. ಕೊಡಗಿನಲ್ಲಿ ಅಂಥವರಿಗೆ ಕೊರತೆಯಿಲ್ಲವಲ್ಲ. ಹುಡುಗಿಯರೆಲ್ಲ ಸೇರಿ ಕ್ರಿಯಾನ್‌ನನ್ನು ರಾಕ್ಷಸ ಮಾಡುತ್ತಿದ್ದಾಗ ಅವರಿಗೆ ತಡೆಯಲಿಲ್ಲ.

"ಮೇಡಂ, ನಾನು ಒಂದು ಮಾತು ಹೇಳಬಹುದಾ? ಆ ರಾಜ ಹೇಳಿದ್ದರಲ್ಲಿ ತಪ್ಪೇನುಂಟು? ನಿನ್ನೆ ತಾನೇ ಯುದ್ಧ ಮುಗಿದದೆ. ಆರ್ಡರ್ ಕೊಟ್ಟ ಮೇಲೆ ಮುಗೀತು. ಮನೆಯವಳು ಅಂತ ಬಿಟ್ರೆ ನಾಳೆ ಯಾರು ಕೇಳ್ತಾರೆ ಅವನ ಮಾತು?"

ಕ್ರಿಯಾನ್ ಕಡೆಯ ಹುಡುಗರಿಗೆ ಖುಷಿಯೋ ಖುಷಿ. ನಾನು ಸುಮ್ನೆ ಇದ್ದೆ. ಮಾತಾಡಿದ್ದು ಅವರ ಮಗಳೇ. "ಅಪ್ಪಾ, ನೀವೇ ಹೇಳಿದ್ದಲ್ವಾ, ಕಾರ್ಗಿಲ್‌ನಲ್ಲಿ ಆ ಕಡೆಯ ಸೈನಿಕರ ಹೆಣ ಅವರ ದೇಶ ತಗೊಳ್ಳದೆ ಇದ್ದಾಗ ನಮ್ಮ ಸೈನ್ಯದವರೇ ಮಣ್ಣು ಮಾಡಿದ್ರು ಅಂತ?"

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೌದು, ಅವರ ಪದ್ಧತಿ ಪ್ರಕಾರವೇ ಮಾಡಿದ್ದು. ಸತ್ತವನ ಮೇಲೆ ಎಂತ ದ್ವೇಷ? ಹಾಗಾದ್ರೆ ಆರ್ಡರ್ ಪಾಲಿಸಬೇಕಾದ್ದು ಸರಿ, ಆದ್ರೆ ಅಂಥ ಆರ್ಡರ್ ಕೊಟ್ಟದ್ದೇ ತಪ್ಪು" ಅಂದರು. ಹುಡುಗರ ಕಡೆಯವರು ಬಿಡಲಿಲ್ಲ. ತಪ್ಪು ಆರ್ಡರ್ ಆದ್ರೂ ಪಾಲಿಸಬೇಕಾ ಅಂಕಲ್, ಅಂತ ಶುರು ಮಾಡಿದರು. ಅವತ್ತು ಪಾಠ ಮುಗಿಯುವಾಗ ಪೂರ್ತಿ ಕತ್ತಲೆಯಾಗಿತ್ತು.

ಈ ನಾಟಕದಲ್ಲಿ ಇಬ್ಬರ ಮಾತಿಗೂ ತೂಕ ಇದೆ ಅನ್ನುವುದನ್ನು ನಾನು ಬೋರ್ಡಿನ ಮೇಲೆ ಬರೆದಿದ್ದರೆ ಮಕ್ಕಳು ಅದನ್ನೇ ಇಳಿಸಿಕೊಂಡು ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಅಷ್ಟೇ. ಮುಂದಿನ ವಾರ ಇಲಿಯಡ್‌ನ ಕೊನೆಯ ಕಾಂಡ ತೆಗೆದುಕೊಂಡೆ. ಟ್ರಾಯ್‌ನ ಮುದುಕ ರಾಜ ಪ್ರಿಯಾಮ್ ರಾತ್ರಿ ಹೊತ್ತು ಶತ್ರುಗಳ ಬಿಡಾರಕ್ಕೆ ಹೋಗಿ, ಮಗನನ್ನು ಕೊಂದ ಅಕಿಲೀಸನ ಕೈಗೆ ಮುತ್ತಿಟ್ಟು, ಮಗನ ಹೆಣ ಕೇಳುವ ಭಾಗ. ಆ ಅಪ್ಪ ಅವತ್ತು ಪಾಠ ಶುರುವಾಗುವ ಮೊದಲೇ ಬಂದು ಕೂತಿದ್ದರು.

ಷೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕ ಪಠ್ಯವಾಗಿ ಇದ್ದವರಿಗೆ ಮೂರನೇ ಅಂಕದ ಎರಡನೇ ದೃಶ್ಯವೇ ಜೀವ. ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್, ಸೀಸರ್‌ನ ಗೆಳೆಯ ಆಂಟನಿ ಇಬ್ಬರೂ ಜನರ ಮುಂದೆ ಭಾಷಣ ಮಾಡುವ ದೃಶ್ಯ. ಬ್ರೂಟಸ್ ಗದ್ಯದಲ್ಲಿ ಮಾತಾಡುತ್ತಾನೆ, ಆಂಟನಿ ಪದ್ಯದಲ್ಲಿ. ಜಗಲಿಯಲ್ಲಿ ನಡೆದು ಅಭ್ಯಾಸ ಇರುವ ಮಕ್ಕಳಿಗೆ ಇದು ಹೇಳದೆಯೇ ಗೊತ್ತಾಗುತ್ತದೆ, ಬ್ರೂಟಸ್‌ನ ಮಾತಿಗೆ ಹೆಜ್ಜೆ ಕೂಡುವುದಿಲ್ಲ. ಆಂಟನಿ ಬ್ರೂಟಸ್‌ನನ್ನು ಮತ್ತೆ ಮತ್ತೆ 'ಆನರಬಲ್ ಮ್ಯಾನ್' ಅನ್ನುತ್ತಾನಲ್ಲ, ಆ ಸಾಲನ್ನು ಪ್ರತಿ ಸಲಕ್ಕೆ ಒಬ್ಬೊಬ್ಬರ ಕೈಯಲ್ಲಿ ಹೇಳಿಸುತ್ತೇನೆ. ಮೊದಲನೆಯವರು ನಿಜವಾಗಿ ಹೊಗಳಬೇಕು. ಕೊನೆಯವರ ಬಾಯಲ್ಲಿ ಅದೇ ಮಾತು ಬೈಗುಳ ಆಗಿರಬೇಕು. ನಡುವಿನವರ ಪಾಡು ಕಷ್ಟ, ಎಷ್ಟು ಹುಳಿ ಹಾಕಬೇಕು ಅಂತ ಅವರೇ ತೀರ್ಮಾನಿಸಬೇಕು. ಕಥೆಯ ಪರಿಚಯಕ್ಕೆ ಲ್ಯಾಂಬ್ ಅಣ್ಣ-ತಂಗಿ... ಅಲ್ಲ, ಅಕ್ಕ-ತಮ್ಮ, ಮೇರಿಯೇ ದೊಡ್ಡವಳು, 1807ರಲ್ಲಿ ಬರೆದ ಷೇಕ್ಸ್‌ಪಿಯರ್ ಕಥೆಗಳು ಇವೆ. ಅದರಲ್ಲಿ ಸೀಸರ್ ಇಲ್ಲ, ಆದರೆ ಮ್ಯಾಕ್‌ಬೆತ್, ಹ್ಯಾಮ್ಲೆಟ್ ಇವೆ. ಹೆಚ್ಚಿನ ಕಥೆಗಳನ್ನು ಬರೆದದ್ದು ಮೇರಿ. ಮೊದಲ ಮುದ್ರಣದಲ್ಲಿ ಹೆಸರು ಬಂದದ್ದು ತಮ್ಮ ಚಾರ್ಲ್ಸ್‌ನದು ಮಾತ್ರ. ಇದನ್ನು ಹೇಳಿದಾಗ ನನ್ನ ಹುಡುಗಿಯರಿಗೆ ಬಂದ ಸಿಟ್ಟು ನೋಡಬೇಕಿತ್ತು.

ಬೈಬಲ್ ಕಥೆ ಗೊತ್ತಿಲ್ಲದೆ ಇಂಗ್ಲಿಷ್ ಕವಿ ಮಿಲ್ಟನ್‌ನನ್ನು ಓದುವುದು ಕಷ್ಟ. ಅದಕ್ಕೆ ನನ್ನ ಹತ್ತಿರ ಸುಲಭದ ದಾರಿ ಇದೆ. ವಿರಾಜಪೇಟೆ ಕಡೆಯಿಂದ ಬರುವ ಕ್ರೈಸ್ತ ಮಕ್ಕಳು ಯಾರಾದರೂ ಇದ್ದೇ ಇರುತ್ತಾರೆ. ಆದಾಮ, ಹವ್ವ, ಹಾವು, ಹಣ್ಣು ಎಲ್ಲವನ್ನೂ ಅವರೇ ಉಳಿದವರಿಗೆ ಹೇಳುತ್ತಾರೆ. ಗ್ರಾಮರ್‌ನಲ್ಲಿ ಹಿಂದೆ ಇರುವ ಹುಡುಗ ಆ ದಿನ ಮೇಷ್ಟ್ರಾಗುತ್ತಾನೆ.

ಅಪ್ಪ ಅಮ್ಮಂದಿರ ಒಂದು ತಕರಾರು ಯಾವಾಗಲೂ ಇರುತ್ತದೆ. ಇಂಗ್ಲಿಷ್ ಟ್ಯೂಷನ್‌ನಲ್ಲಿ ಕನ್ನಡ ಪುಸ್ತಕ ಯಾಕೆ ಅಂತ. ಲಂಕೇಶರು ಆಂಟಿಗನಿಯನ್ನು ಕನ್ನಡಕ್ಕೆ ತಂದಿದ್ದಾರೆ. ಬಿ.ಎಂ.ಶ್ರೀ. ಸೋಫೊಕ್ಲಿಸ್‌ನ ಏಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ಕೂಡಿಸಿ 'ಅಶ್ವತ್ಥಾಮನ್' ಬರೆದಿದ್ದಾರೆ. ಕುವೆಂಪು ಹ್ಯಾಮ್ಲೆಟ್‌ನಿಂದ 'ರಕ್ತಾಕ್ಷಿ' ಮಾಡಿದ್ದಾರೆ. ಇಂಗ್ಲಿಷ್ ತಡವರಿಸುವ ಮಕ್ಕಳಿಗೆ ನಾನು ಇವನ್ನೇ ಮೊದಲು ಕೊಡುತ್ತೇನೆ. ಸೋಫೊಕ್ಲಿಸ್ ಬರೆದದ್ದು ಗ್ರೀಕಿನಲ್ಲಿ, ಇಂಗ್ಲಿಷ್ ಪುಸ್ತಕವೂ ಅನುವಾದವೇ ಅಲ್ವಾ ಅಂದರೆ ಅವರು ಸುಮ್ಮನಾಗುತ್ತಾರೆ. ಒಪ್ಪಿದರು ಅಂತೇನಲ್ಲ.

ಫೀಸಿನ ವಿಷಯ ಕೇಳುವವರೂ ಇದ್ದಾರೆ. ತಿಂಗಳು ತಿಂಗಳು ಕೊಡಿ ಅಂದರೆ ಇಲ್ಲಿ ನಡೆಯುವುದಿಲ್ಲ. ಕಾಫಿ ಕುಯ್ದು, ಒಣಗಿಸಿ, ಮಾರಿದ ಮೇಲೆ ಕೈಯಲ್ಲಿ ದುಡ್ಡು. ಸಣ್ಣ ತೋಟದವರು ವರ್ಷದ್ದನ್ನು ಒಟ್ಟಿಗೆ ಕೊಡುತ್ತಾರೆ, ಜೊತೆಗೆ ಒಂದಿಷ್ಟು ಕರಿಮೆಣಸು. ತೋಟದ ಕೂಲಿಯವರ ಲೈನ್‌ಮನೆ ಮಕ್ಕಳ ಹತ್ತಿರ ಫೀಸು ಕೇಳುವುದಿಲ್ಲ. ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ನಡೆದು ಬರುವಷ್ಟು ಹತ್ತಿರದವರನ್ನು ಕೂಡಿಸಿ ಒಂದು ನಾಟಕ ಪೂರ್ತಿ ಓದಿಸುತ್ತೇನೆ. ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಬೇಕಾದ್ದನ್ನೆಲ್ಲ ಮೇ ತಿಂಗಳಲ್ಲೇ ಇಳಿಸಿ ಜೆರಾಕ್ಸ್ ಮಾಡಿಸಿಟ್ಟಿರುತ್ತೇನೆ.

ನೆಟ್, ಕೆ-ಸೆಟ್‌ನವರು ಬೇರೆಯೇ ಜಾತಿ. ಎರಡನೇ ಪತ್ರಿಕೆಯಲ್ಲಿ ನೂರು ಪ್ರಶ್ನೆ, ಇನ್ನೂರು ಅಂಕ, ಎಲ್ಲವೂ ಆಯ್ಕೆಯ ಉತ್ತರ. ಯಾರು ಯಾವಾಗ ಏನು ಬರೆದರು ಅನ್ನುವುದನ್ನು ಗಟ್ಟಿ ಹೊಡೆದರೆ ಆಯ್ತು ಅಂದುಕೊಂಡಿರುತ್ತಾರೆ. ಕಳೆದ ಸಲ ಸೋಮವಾರಪೇಟೆ ಕಡೆಯ ಹುಡುಗನೊಬ್ಬ ಬಂದು, "ಮೇಡಂ, ಅರಿಸ್ಟಾಟಲ್‌ದು ನೋಟ್ಸ್ ಇದ್ರೆ ಕೊಡಿ, ಒಂದು ವಾರದಲ್ಲಿ ಮುಗಿಸ್ತೀನಿ" ಅಂದ. ಸೋಫೊಕ್ಲಿಸ್‌ನ ಈಡಿಪಸ್, ತಿಳಿಯದೆ ಅಪ್ಪನನ್ನು ಕೊಂದು ತಾಯಿಯನ್ನೇ ಮದುವೆಯಾದ ರಾಜನ ನಾಟಕ, ಓದಿದ್ದೀಯಾ ಅಂತ ಕೇಳಿದೆ. ಸಮ್ಮರಿ ಓದಿದ್ದನಂತೆ. ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ, ಅದು ಕೇಳುವವರಲ್ಲಿ ಹುಟ್ಟಿಸುವ ಮರುಕ, ಭಯದ ಬಗ್ಗೆ ಬರೆಯುವಾಗ ಮತ್ತೆ ಮತ್ತೆ ಎತ್ತಿಕೊಳ್ಳುವುದೇ ಆ ನಾಟಕವನ್ನು. ಅದನ್ನು ಓದದೆ ಇದನ್ನು ಎಂತಕ್ಕೆ ಓದುವುದು? ಈಡಿಪಸ್ ಜೆರಾಕ್ಸ್ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿ ಬಾ, ಆಮೇಲೆ ಮಾತಾಡೋಣ ಅಂತ ಕಳಿಸಿದೆ. ವಾರದ ಮೇಲೆ ಫೋನ್ ಮಾಡಿದ. "ಮೇಡಂ, ಓದ್ತಾ ಇದ್ದೆ, ಅಮ್ಮನೂ ಕೂತು ಕೇಳಿದ್ರು. ಆ ಕುರುಬ ನಿಜ ಹೇಳೋಕೆ ಮೊದಲೇ ಅಮ್ಮನಿಗೆ ಎಲ್ಲ ಗೊತ್ತಾಗಿಹೋಯ್ತು. ನಂಗೆ ಹೇಳ್ಬೇಡ ಅಂತ ಎದ್ದು ಒಳಗೆ ಹೋದ್ರು. ಇದನ್ನೇನಾ ಅರಿಸ್ಟಾಟಲ್ ಹೇಳೋದು?"

ಇದನ್ನೇ, ಭಾನುವಾರ ಬಾ ಅಂದೆ.